ಹುಣಸೆಹಣ್ಣು ಹಚ್ಚಿ ತೊಳೆದ ಸ್ಯಾಕ್ಸೋಫೋನ್

ಅಣ್ಣ ವೇದಿಕೆಯ ಮೇಲೆ ಎದೆ ಹಿಡಿದುಕೊಂಡು ನಿಂತಾಗ ನಾನು ಎದ್ದು ಹೋಗಿ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ಸೆರಗಿನ ತುದಿ ತಿರುವುತ್ತ ಕೂತುಬಿಟ್ಟೆ. ಅವನ ಸ್ಯಾಕ್ಸೋಫೋನ್ ಕೆಟ್ಟದ್ದು ನನ್ನ ಕೈಯಿಂದ ಎಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಗಜೇಂದ್ರಗಡದ ನಮ್ಮ ಮನೆಯ ಮಗ್ಗಕ್ಕೆ ಕೂತವಳು. ಅಣ್ಣನಿಗೆ ಮಗ್ಗ ಹಿಡಿಸಲಿಲ್ಲ. ಮದುವೆ ಬ್ಯಾಂಡಿನಲ್ಲಿ ಊದುತ್ತ ರೋಣ, ನರಗುಂದ ತಿರುಗಿದ. ಆಮೇಲೆ ಮುಂಬೈ ಸೇರಿ, ಅಲ್ಲಿಂದ ಗೋವಾಕ್ಕೆ ಹೋಗಿ, ದೊಡ್ಡ ಹೋಟೆಲುಗಳಲ್ಲಿ ಜಾಝ್ ಎಂಬ ಸಂಗೀತ ನುಡಿಸಿಯೇ ಬದುಕಿದ. ಅದೇನೆಂದು ನಾನು ಕೇಳಿದರೆ, “ಹಾಡು ಅದ ಇರತೈತಿ ತಂಗೆವ್ವ, ಆದ್ರ ನಿನ್ನೆ ನುಡಿಸಿದಂಗ ಇವತ್ತ ನುಡಸಂಗಿಲ್ಲ. ಒಬ್ಬ ಬಿಟ್ಟಲ್ಲಿ ಇನ್ನೊಬ್ಬ ಹಿಡೀಬೇಕು” ಅನ್ನುತ್ತಿದ್ದ.

“ಹಂಗ ನೇಯ್ದ್ರ ನಮ್ಮ ಸೀರಿ ಯಾರ ಉಡ್ತಾರ?” ಅಂದರೆ ಜೋರಾಗಿ ನಗುತ್ತಿದ್ದ.

ಹೋದ ವರ್ಷ ಅವನ ಪುಪ್ಪುಸಕ್ಕೆ ಕಾಯಿಲೆ ಬಂತು. ದವಾಖಾನೆಯಿಂದ ನೇರ ನಮ್ಮ ಮನೆಗೆ ಬಂದವನು ತಿಂಗಳುಗಟ್ಟಲೆ ಸ್ಯಾಕ್ಸೋಫೋನಿನ ಪೆಟ್ಟಿಗೆ ತೆಗೆಯಲಿಲ್ಲ. ರೋಣದ ಒಂದು ಶಾಲೆಯವರು ಮಕ್ಕಳ ಜೊತೆ ಅತಿಥಿಯಾಗಿ ನುಡಿಸಲು ಕರೆದಾಗ ಮಾತ್ರ ಯಾಕೋ ಒಪ್ಪಿಕೊಂಡ. ಮಕ್ಕಳಿಗೆ ಬಾಯಿಂದಲೇ ಹಾಡಿ ತೋರಿಸಿ ಕಲಿಸಲು ಹೋಗಿ ಬರುತ್ತಿದ್ದ ಆ ದಿನಗಳಲ್ಲಿ ಅವನ ಮುಖವೇ ಬೇರೆ. “ಕಾರ್ಯಕ್ರಮದ ದಿನ ನುಡಸಾಕ ಬಂತಂದ್ರ ಮುಂದೂ ನುಡಸ್ತೀನಿ. ಉಸಿರು ಸಾಲಲಿಲ್ಲಂದ್ರ ಬಿಟ್ಟಬಿಡ್ತೀನಿ” ಎಂದಿದ್ದ.

ಕಾರ್ಯಕ್ರಮದ ದಿನ ಬೆಳಿಗ್ಗೆ ಅವನು ಕ್ಷೌರಕ್ಕೆ ಹೋದ. ನಾನು ಪೆಟ್ಟಿಗೆ ತೆಗೆದು ನೋಡಿದೆ. ಹಿತ್ತಾಳೆಯೆಲ್ಲ ಮಂಕಾಗಿ, ಸಂದಿಗಳಲ್ಲಿ ಹಸಿರು ಕಿಲುಬು. ಅಷ್ಟು ಮಂದಿಯ ಮುಂದೆ ಇಂಥದ್ದನ್ನು ಹಿಡಿದು ನಿಲ್ಲುವುದೇ? ಹಬ್ಬಕ್ಕೆ ಕೊಡ, ತಂಬಿಗೆ ತೊಳೆದ ಕೈ ನನ್ನದು. ಬಚ್ಚಲಿಗೆ ಒಯ್ದು ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿ, ಮೇಲೆ ನೀರು ಸುರಿದೆ. ಹಳೇ ಸೀರೆಯಿಂದ ಒರೆಸುವಾಗ ಕಂಡಿತು. ಬೆರಳೊತ್ತುವ ಮುಚ್ಚಳಗಳ ಕೆಳಗೆ ಚರ್ಮದ ಬಿಲ್ಲೆಗಳಿದ್ದವು, ಎಲ್ಲ ನೆನೆದು ಉಬ್ಬಿದ್ದವು. ಬಿಸಿಲಿಗಿಟ್ಟೆ. ಒಣಗುವ ಮೊದಲೇ ಅಣ್ಣ ಬಂದ.

“ಏನಬೇ, ಬಂಗಾರದ್ದ ಮಾಡಿಬಿಟ್ಟಿ!”

“ಹಳೇ ಸೀರೀಲೆ ಒರಿಸೀನಿ, ಅಷ್ಟ” ಎಂದೆ.

ಬಸ್ಸಿನ ಹೊತ್ತಾಗಿತ್ತು. ಅವನು ಊದಿ ನೋಡದೆಯೇ ಪೆಟ್ಟಿಗೆ ಮುಚ್ಚಿದ. ದಾರಿಯುದ್ದಕ್ಕೂ ನನಗೆ ಕೂತಲ್ಲಿ ಕೂಡಲಾಗಲಿಲ್ಲ.

ವೇದಿಕೆಯ ಮೇಲೆ ಏರುಸ್ವರಗಳು ಹೇಗೋ ಬಂದವು. ಕೆಳಗಿನ ಸ್ವರಕ್ಕೆ ಇಳಿದಾಗ ಬರೀ ಗಾಳಿ. ಅಣ್ಣ ಮತ್ತೊಮ್ಮೆ ಊದಿದ. ಫುಸ್ ಎಂದಿತು. ಅವನ ಕೈ ಎದೆಗೆ ಹೋಯಿತು. ಅಷ್ಟರಲ್ಲಿ ಹಾರ್ಮೋನಿಯಂ ಮುಂದೆ ಕೂತಿದ್ದ ಹುಡುಗಿ ಅವನು ಬಿಟ್ಟ ಜಾಗದಿಂದಲೇ ಹಿಡಿದಳು. ತಬಲಾದವನು ಅವಳ ಜೊತೆ ಸೇರಿದ. ಹಾಡು ಎಲ್ಲಿಯೂ ನಿಲ್ಲಲಿಲ್ಲ, ಮಂದಿ ಚಪ್ಪಾಳೆ ಹೊಡೆದರು.

“ಭಾಳ ಚಲೋ ಹಿಡಿದ್ರಿ” ಎಂದು ಅಣ್ಣ ಆಮೇಲೆ ಮಕ್ಕಳಿಗೆ ಹೇಳಿದ. “ನನ್ನ ಉಸಿರು ಮುಗೀತು. ಇನ್ನ ನಿಮ್ಮದ.”

ನಾನು ಅವನ ಪೆಟ್ಟಿಗೆ ಎತ್ತಿಕೊಂಡು ಬಸ್ಸಿನ ಕಡೆ ನಡೆದೆ.

ಮರುದಿನ ಮಗ್ಗಕ್ಕೆ ಕೂತರೆ ಲಾಳಿ ಒಂದು ಕಡೆ, ಮನಸ್ಸು ಒಂದು ಕಡೆ. ಎಳೆ ಕಡಿಯಿತು, ಕಟ್ಟಿದೆ, ಮತ್ತೆ ಕಡಿಯಿತು. ಪಡಸಾಲೆಯಲ್ಲಿ ಅಣ್ಣ ಗೋವಾದ ಗೆಳೆಯನಿಗೆ ಫೋನು ಹಚ್ಚಿ, ಇನ್ನು ತನ್ನನ್ನು ಕರೆಯಬೇಡ ಎನ್ನುತ್ತಿದ್ದ. ಫೋನಿಟ್ಟು ಪೆಟ್ಟಿಗೆ ಎತ್ತಿಕೊಂಡ.

“ಎಲ್ಲಿಗೆ?” ಎಂದೆ.

“ರೋಣದ ಆ ಸಾಲಿ ಹುಡುಗರಿಗೆ ಕೊಟ್ಟ ಬರ್ತೀನಿ. ನೀ ಬ್ಯಾರೆ ಇಷ್ಟ ಹೊಳಪ ಮಾಡೀದಿ. ಗೋಡಿಗರ ತೂಗಹಾಕ್ಲಿ.”

ನಾನು ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಕುಣಿಯಿಂದ ಎದ್ದು ಬಂದು ಪೆಟ್ಟಿಗೆ ಹಿಡಿದುಕೊಂಡೆ.

“ನಿನ್ನ ಉಸಿರಿಗೆ ಏನೂ ಆಗಿಲ್ಲಣ್ಣಾ. ನೀ ಕ್ಷೌರಕ್ಕ ಹೋದಾಗ ನಾ ಅದನ್ನ ಹುಣಸಿಹಣ್ಣ ಹಚ್ಚಿ ತೊಳದೆ. ಒಳಗಿನ ಚರ್ಮ ನೆನದದ್ದ ನೋಡಿದ್ದೆ.”

ಅವನು ಹೊಸ್ತಿಲ ಮೇಲೆ ಕೂತು ಪೆಟ್ಟಿಗೆ ತೆಗೆದ. ಒಂದು ಮುಚ್ಚಳ ಎತ್ತಿ, ಸೆಟೆದುಕೊಂಡ ಬಿಲ್ಲೆಯನ್ನು ಉಗುರಿನಿಂದ ಕೆರೆದು ನೋಡಿದ.

“ಕೊಡಾ ತೊಳದಂಗ ತೊಳದಿ?”

“ಹೂಂ.”

ಅವನು ಉದ್ದಕ್ಕೆ ಉಸಿರೆಳೆದು, ಹಿಡಿದು, ಮೆಲ್ಲಗೆ ಬಿಟ್ಟ. ಇನ್ನೊಮ್ಮೆ ಎಳೆದ. ನನ್ನ ಕಡೆ ನೋಡಲಿಲ್ಲ.

“ತೊಳದದ್ದು ತಿಳೀಲಾರದ ಮಾಡಿದ್ದು” ಎಂದೆ. “ನೀ ಎದಿ ಹಿಡಕೊಂಡ ನಿಂತಾಗ ಮಾತ್ರ ತಿಳಿದೂ ಸುಮ್ಮನ ಕುಂತೆ. ತಪ್ಪಾತು, ಅಣ್ಣಾ.”