ಮುಂಗಾಲಿಲ್ಲದ ಹಿತ್ತಾಳೆ ಜಿಂಕೆ

ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ನನಗೆ ಲೋಹದ ಪ್ರಾಣಿಗಳನ್ನು ಕೂಡಿಡುವ ಹುಚ್ಚು. ದೇವರ ಜಗಲಿಯ ನಂದಿ, ಆನೆಗಳಲ್ಲ. ಕಣ್ಣು, ರೋಮ, ಗೊರಸು ಎಲ್ಲ ಬಿಟ್ಟು ನಾಲ್ಕೇ ಗೆರೆಗಳಲ್ಲಿ ಜೀವ ಹಿಡಿದಿರುವ ಹೊಸ ಕಾಲದ ಬೊಂಬೆಗಳು. ಒಮ್ಮೆ ದೊಡ್ಡ ಮನೆಗಳ ಶೋಕೇಸಿನಲ್ಲಿದ್ದವು, ಈಗ ಗುಜರಿಗೆ ಬರುತ್ತವೆ.

ಹೋದ ವರ್ಷ ಹುಮನಾಬಾದಿನ ಗುಜರಿ ಅಂಗಡಿಯಲ್ಲಿ, ಕರಗಿಸಲು ಕಟ್ಟಿಟ್ಟ ಚೀಲವೊಂದರಿಂದ ಹಿತ್ತಾಳೆಯ ಕುತ್ತಿಗೆ ಹೊರಚಾಚಿತ್ತು.

"ಟೂಟಾಫೂಟಾ ಮಾಲು ಅದು, ಮೇಡಂ. ಮುಂಗಾಲೇ ಇಲ್ಲ. ಬಿಡ್ರಿ," ಎಂದ ಅಂಗಡಿಯವ.

"ಚೀಲ ಬಿಚ್ರಿ. ಅದನ್ನ ತಗೊಳ್ದ ನಾ ಏಳಂಗಿಲ್ಲ," ಎಂದು ಅಲ್ಲೇ ಎಣ್ಣೆ ಡಬ್ಬದ ಮೇಲೆ ಕೂತೆ. ಗೊಣಗುತ್ತ ಬಿಚ್ಚಿಕೊಟ್ಟ.

ಮೂತಿ ಆಕಾಶಕ್ಕೆ ಎತ್ತಿದ ಜಿಂಕೆ. ಮುಂಗಾಲು ಮಂಡಿಗೇ ಮುಗಿದಿದ್ದವು. ಇದಕ್ಕೆ ಕಾಲು ಹಚ್ಚಿಸಿಯೇ ತೀರಬೇಕೆಂದು ನಿರ್ಧರಿಸಿದೆ. ಕಲ್ಯಾಣದ ಮೂವರು ವೆಲ್ಡಿಂಗಿನವರು, ಕಾಸಿದರೆ ತೆಳ್ಳನೆಯ ಕುತ್ತಿಗೆಯೂ ಕರಗುತ್ತದೆಂದು ಕೈಚೆಲ್ಲಿಬಿಟ್ಟರು. ನಾನು ಬಿಡಲಿಲ್ಲ. ಕಾಲಿನ ನಕ್ಷೆ ಬರೆದೆ, ಮಣ್ಣಿನಲ್ಲಿ ಅಚ್ಚು ಮಾಡಿದೆ. ಕಡೆಗೆ ಹುಮನಾಬಾದಿನ ಒಬ್ಬಾತ ಒಪ್ಪಿದ.

ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಬೇಮಳಖೇಡಕ್ಕೆ ಹೊರಟ ವಯಸ್ಸಾದ ಕುರಿಗಾರ ಹೆಂಗಸು.

"ಏನದು ಯವ್ವಾ?"

"ಜಿಂಕಿ ಅಜ್ಜಿ. ಕಾಲು ಮುರದಾವ, ಹಚ್ಚಸಾಕ ಒಯ್ಯಾಕತ್ತೀನಿ."

ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿದಳು. "ಜಿಂಕಿ ಎಲ್ಲಿಂದು? ಕುರಿ ಇದು. ಮರಿ ಈಯಾಕತ್ತದ. ಬ್ಯಾನಿ ಬಂದಾಗ ಹಿಂಗ ಮೂತಿ ಮ್ಯಾಲ ಎತ್ತತಾವ. ಕಾಲು ಮುರದಿಲ್ಲ, ಮಡಚ್ಯಾವ! ನಮ್ಮ ದೊಡ್ಡಿಗಿ ಬಾ, ತೋರಸ್ತೀನಿ."

ಮಂಡಿಗೆ ಬೆರಳಾಡಿಸಿದೆ. ಮುರಿದ ಗುರುತಿಲ್ಲ. ಮಾಡಿದವನು ನಯವಾಗಿ ಉಜ್ಜಿ ಮುಗಿಸಿದ್ದ. ವರ್ಷಗಟ್ಟಲೆ ಮಕ್ಕಳಿಗೆ "ಮೊದಲು ನೋಡಿ, ಆಮೇಲೆ ಬರೆಯಿರಿ" ಎಂದು ಹೇಳುತ್ತ ಬಂದವಳು ನಾನು!

ಹುಮನಾಬಾದಿನಲ್ಲಿ ಇಳಿದು ವೆಲ್ಡಿಂಗಿನವನಿಗೆ ಬೇಡವೆಂದೆ.

"ತಿಂಗಳಿಂದ ಬೆನ್ನ ಹತ್ತಿ, ಈಗ ಯಾಕ ಬ್ಯಾಡ್ರಿ?"

"ತಪ್ಪು ನಂದು. ಇದಕ್ಕ ಕಾಲು ಅದಾವ್ರಿ."

ಮುಂದಿನ ರವಿವಾರ ನಸುಕಿನಲ್ಲೇ ಬೇಮಳಖೇಡಕ್ಕೆ ಹೋದೆ. ದಿನ ತುಂಬಿದ ಕುರಿಯೊಂದನ್ನು ಅಜ್ಜಿ ಬೇರೆ ಕಟ್ಟಿದ್ದಳು. "ತಡ ಆಗಬಹುದು," ಎಂದಳು. "ಆಗಲಿ," ಎಂದು ಹುಲ್ಲಿನ ಮೇಲೆ ಕೂತೆ. ಬಿಸಿಲು ಏರಿತು, ಅಜ್ಜಿ ರೊಟ್ಟಿ ಕೊಟ್ಟಳು, ನಾನು ಕದಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕುರಿ ಮುಂಗಾಲು ಮಡಚಿ, ನಿಧಾನವಾಗಿ ಮೂತಿ ಮೇಲೆತ್ತಿತು.