ನೂರು ಕೊಟ್ಟರೆ ನೂರಿಪ್ಪತ್ತು ಕೊಡುವ ಜಾಡಿ

ವಿದ್ಯುತ್ ಕಚೇರಿಯ ನೆಲಮಾಳಿಗೆಯಲ್ಲಿ ಒಂದು ಪರೀಕ್ಷಾ ಕೊಠಡಿಯಿದೆ. ಜನರ ಮನೆಯ ಮೀಟರು ನಿಂತುಹೋದರೆ, ಅಥವಾ ಅನುಮಾನ ಬರುವಷ್ಟು ಸೋಮಾರಿಯಾದರೆ, ಅದು ಬಂದು ಅಂಗಾತ ಮಲಗುವುದು ಆ ಕೊಠಡಿಯ ಉದ್ದನೆಯ ಮೇಜಿನ ಮೇಲೆ. ಮೇಜಿನ ಆಚೆ ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿರುತ್ತಿದ್ದವರು ಮೀಟರಮ್ಮ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಬದುಕಿತ್ತು.

ಮೂವತ್ತೊಂದು ವರ್ಷಗಳಿಂದ ಅವರು ಜನರನ್ನು ನಂಬದಿರುವ ಕೆಲಸ ಮಾಡುತ್ತಿದ್ದರು. ಮೀಟರಿನ ಹೊಟ್ಟೆಯೊಳಗೆ ಅವರು ಕಾಣದೆ ಇದ್ದದ್ದಿಲ್ಲ: ಅಯಸ್ಕಾಂತದ ಚೂರು, ಕೂದಲಿನ ಪಿನ್ನು, ಫೋಟೋ ಫಿಲ್ಮಿನ ತುಂಡು, ಒಮ್ಮೆ ಮೇಣದಲ್ಲಿ ಅಂಟಿಸಿದ ಸತ್ತ ಇರುವೆ. "ಇರುವೆ ತಾನಾಗೇ ಒಳಗೆ ಹೋಗಿದೆ, ಮೇಡಂ" ಎಂದು ಮನೆಯ ಯಜಮಾನ ಹೇಳಿದಾಗ ಅವರು, "ಮೇಣಾನೂ ಅದೇ ಹೊತ್ಕೊಂಡು ಹೋಯ್ತಾ?" ಎಂದು ಕೇಳಿ ಷರಾ ಬರೆದಿದ್ದರು. ಮನುಷ್ಯನ ಶೀಲವನ್ನು ಅವನ ಮೀಟರಿನ ಸೀಲಿನಿಂದಲೇ ಅಳೆಯುವುದು ಅವರ ಪದ್ಧತಿ. ಮನೆಯಲ್ಲಿ ಕೂಡ ಗಡಿಯಾರ ಐದು ನಿಮಿಷ ಮುಂದಿದ್ದರೆ ಅದರಿಂದ ಲಾಭವಿರುವ ಆಸಾಮಿ ಯಾರಿರಬಹುದೆಂದು ಮೊದಲು ಯೋಚಿಸಿ, ಆಮೇಲೆ ಗಡಿಯಾರ ಸರಿಮಾಡುತ್ತಿದ್ದರು.

ಇಂಥವರ ಎದುರಿಗೆ ಒಂದು ಮಧ್ಯಾಹ್ನ ಅವರ ಸ್ವಂತ ತಂಗಿ ಬಂದು ಕೂತಳು.

"ಅಕ್ಕ, ನಮ್ಮನೇಲಿ ಶೀತ ಸಮ್ಮಿಲನ ಆಗಿದೆಯಂತೆ."

"ಯಾರಿಗೆ ಶೀತ?"

"ಶೀತ ಅಲ್ಲ ಕಣೇ, ಶೀತ ಸಮ್ಮಿಲನ. ಸೂರ್ಯನೊಳಗೆ ಪರಮಾಣು ಕೂಡೋದು ಇವರ ಜಾಡಿಯೊಳಗೆ ತಣ್ಣಗೆ ನಡೀತಿದೆಯಂತೆ. ನಾಲ್ಕು ತಿಂಗಳಿಂದ ಇವರು ಜಾಡಿ ಹತ್ರಾನೇ ಇರ್ತಾರೆ. ಹಾಗಾಗಿ ಮನೇಲಿ ಶೀತ ಮಾತ್ರ ಉಳಿದಿದೆ, ಸಮ್ಮಿಲನ ಇಲ್ಲ."

ತಂಗಿಯ ಗಂಡ ಬೀದಿಯ ಕೊನೆಯಲ್ಲಿ ಲೇಪನದ ಅಂಗಡಿ ಇಟ್ಟಿದ್ದ. ಬಾಗಿಲಿನ ಹಿಡಿಕೆ, ಸೈಕಲ್ಲಿನ ಗಂಟೆ, ನಲ್ಲಿಯ ತಿರುಪು, ಏನೇ ತಂದರೂ ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟು ಹರಿಸಿ, ಮೇಲೆ ನಿಕ್ಕಲ್ ಹೊಳಪು ಕೂರಿಸಿ ಕೊಡುತ್ತಿದ್ದ. ಬೀದಿಯವರಿಗೆ ಅವನು ಗಿಲೀಟಪ್ಪ. ಆ ಹೆಸರನ್ನು ಕೇಳಿದಾಗಲೆಲ್ಲ ಮೀಟರಮ್ಮನಿಗೆ, ಒಳಗೊಂದು ಹೊರಗೊಂದು ಇರುವುದೇ ಈತನ ಕಸುಬಲ್ಲವೇ ಎನ್ನಿಸುತ್ತಿತ್ತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ತಂಗಿಯ ಮುಂದೆ ಅದನ್ನು ಹೇಳಿರಲಿಲ್ಲ, ಅಷ್ಟೆ.

"ನೂರು ಪಾಲು ಕರೆಂಟು ಕೊಟ್ಟರೆ ನೂರಿಪ್ಪತ್ತು ಪಾಲು ಶಾಖ ಬರ್ತಿದೆ ಅಂತಾರೆ" ಎಂದಳು ತಂಗಿ. "ನೀನು ಪರೀಕ್ಷೆ ಮಾಡಿ ಸಹಿ ಹಾಕಿದ್ರೆ, ತಿಂಗಳ ಕೊನೆಗೆ ಅಂಗಡೀನ ಪಕ್ಕದ ಸಲೂನಿನವನಿಗೆ ಬಿಟ್ಟುಕೊಟ್ಟು ಇದನ್ನೇ ಮಾಡ್ತಾರಂತೆ. ಅಂಗಡಿ ಹೋದ್ರೆ ಹೋಗಲಿ. ನಂಗೆ ಒಂದೇ ಗೊತ್ತಾಗಬೇಕು. ಇವರು ಸುಳ್ಳು ಹೇಳ್ತಿದಾರಾ?"

"ಸುಳ್ಳಾದ್ರೆ?"

ತಂಗಿ ಮೇಜಿನ ಮೇಲಿದ್ದ ಯಾರದೋ ಮೀಟರನ್ನು ತಿರುಗಿಸಿ, ಮತ್ತೆ ಹಾಗೆಯೇ ಇಟ್ಟಳು.

ಭಾನುವಾರ ಬೆಳಿಗ್ಗೆ ಲೇಪನದ ಅಂಗಡಿಯಲ್ಲಿ ಸಭೆಯೇ ಸೇರಿತ್ತು. ತೊಟ್ಟಿಗಳ ಘಾಟಿಗೆ ಮೂಗು ಮುಚ್ಚಿಕೊಂಡು ನಿಂತಿದ್ದ ನಿವೃತ್ತ ವಿಜ್ಞಾನ ಮೇಷ್ಟ್ರು ಒಂದು ಕಾಲದಲ್ಲಿ ಗಿಲೀಟಪ್ಪನಿಗೆ ಪಾಠ ಹೇಳಿದವರು. ಅವರ ಎದುರಿಗೆ ಪಕ್ಕದ ಸಲೂನಿನವನು. ನಡುವೆ, ಹತ್ತಿ ಸುತ್ತಿದ ನೀರಿನ ಪಾತ್ರೆ. ಅದರೊಳಗೆ ಗಾಜಿನ ಜಾಡಿ, ಜಾಡಿಯಲ್ಲಿ ಎಲ್ಲಿಂದಲೋ ತರಿಸಿದ, ಪರಮಾಣು ಸ್ಥಾವರಗಳಲ್ಲಿ ಬಳಸುವ ಭಾರಜಲ, ಅದರಲ್ಲಿ ಬೆಂಕಿಕಡ್ಡಿಯಷ್ಟು ಉದ್ದದ ಒಂದು ಲೋಹದ ಕಡ್ಡಿ. ಪಾತ್ರೆಯ ನೀರಿನ ಬಿಸಿ ಎಷ್ಟು ಏರಿತೆಂದು ನೋಡಿ ಗಿಲೀಟಪ್ಪ ಶಾಖದ ಲೆಕ್ಕ ಹಾಕುತ್ತಿದ್ದ.

"ಎರಡು ಪರಮಾಣು ಕೂಡಬೇಕಾದ್ರೆ ಸೂರ್ಯನ ಬೆಂಕಿ ಬೇಕು" ಎಂದರು ಮೇಷ್ಟ್ರು. "ಹಾಗೊಂದು ವೇಳೆ ಕೂಡಿದ್ರೆ, ಅದರಿಂದ ಹೊರಡೋ ಕಿರಣಕ್ಕೆ ನೀನು ಮೊದಲನೇ ವಾರಾನೇ ಮಲಗಿರ್ತಿದ್ದೆ. ನೀನು ಜೀವಂತ ಇರೋದೇ ನನ್ನ ಪುರಾವೆ."

"ನಾನು ಸತ್ರೆ ಒಪ್ಕೋತೀರಾ, ಸಾರ್?"

"ಆಗಲೂ ಪರೀಕ್ಷೆ ಮಾಡಿ ಒಪ್ಕೋತೀನಿ."

"ದೊಡ್ಡವರು ಮೊದಲಿಗೆ ಯಾವುದನ್ನ ಒಪ್ಪಿದಾರೆ ಬಿಡಿ" ಎಂದ ಸಲೂನಿನವನು. "ವಿಮಾನ ಹಾರಲ್ಲ ಅಂದಿದ್ರು."

"ಹಾರಲ್ಲ ಅನ್ನಿಸಿಕೊಂಡದ್ದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹಾರಲೇ ಇಲ್ಲಪ್ಪ. ಅವುಗಳ ಹೆಸರು ನಿನಗೆ ಗೊತ್ತಿಲ್ಲ, ಅಷ್ಟೆ."

ವಿಜ್ಞಾನದ ಮೇಲೆ ಸಲೂನಿನವನಿಗೆ ಇಷ್ಟು ಅಕ್ಕರೆ ಏಕೆಂದು ಮೀಟರಮ್ಮ ಗಮನಿಸುತ್ತಲೇ ಇದ್ದರು. ಅವನು ವಾದ ಮಾಡುತ್ತಲೇ ಗೋಡೆಯನ್ನು ಗೇಣಿನಲ್ಲಿ ಅಳೆಯುತ್ತಿದ್ದ. ನಾಲ್ಕು ಕನ್ನಡಿಗೆ ಜಾಗವಿತ್ತು.

ಅವರು ಕನ್ನಡಕ ಇಳಿಸಿ ಕೆಲಸ ಶುರುಮಾಡಿದರು. ಮೇಜಿನ ಕೆಳಗೆ ಮಂಡಿಯೂರಿ ಹಲಗೆಯನ್ನು ತಟ್ಟಿದರು. ಕಾಲುಗಳ ಸುತ್ತ ಬೆರಳಾಡಿಸಿದರು. ಪಾತ್ರೆಯ ಹತ್ತಿಯನ್ನು ಪದರಪದರವಾಗಿ ಬಿಡಿಸಿದರು. ಗೋಡೆಯ ಪ್ಲಗ್ಗಿನ ತಿರುಪು ಬಿಚ್ಚಿ ಒಳಗೆ ಇಣುಕಿದರು. ಕೊನೆಗೆ ಗಿಲೀಟಪ್ಪನ ಕಡೆ ತಿರುಗಿ, "ಅಂಗಿ ಜೇಬಲ್ಲಿ ಏನಿದೆ, ತೋರಿಸಿ" ಎಂದರು.

ಅಲ್ಲಿಯವರೆಗೆ ನಗುತ್ತಿದ್ದವನ ಮುಖ ಇಳಿಯಿತು. ಜೇಬಿನಿಂದ ಕರವಸ್ತ್ರ ಮತ್ತು ಮೊಂಡು ಪೆನ್ಸಿಲ್ಲು ಹೊರಬಂದವು. ತಂಗಿ ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

"ವೈರ್ ಬಚ್ಚಿಟ್ಟಿದೀನಿ ಅಂದ್ಕೊಂಡ್ರಾ, ಅತ್ತಿಗೆ?"

"ಹೌದು" ಎಂದರು ಮೀಟರಮ್ಮ. ಮೆತ್ತಗೆ ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ.

ಏನೂ ಸಿಗಲಿಲ್ಲ. ಸಿಗದೆ ಇದ್ದದ್ದರಿಂದ ಅವರ ಅನುಮಾನ ಇನ್ನೂ ದಪ್ಪವಾಯಿತು. ಉಳಿದದ್ದು ಅಂಗಡಿಯ ಮೀಟರೊಂದೇ. ಗೋಡೆಯ ಕರೆಂಟನ್ನು ಲೇಪನಕ್ಕೆ ಒಗ್ಗುವಂತೆ ಬದಲಾಯಿಸುವ ಹಳೆಯ ತಗಡಿನ ಪೆಟ್ಟಿಗೆ ಅಲ್ಲಿತ್ತು. ಜಾಡಿಗೂ ಕರೆಂಟು ಹೋಗುತ್ತಿದ್ದುದು ಅದರಿಂದಲೇ. ಅದರ ಮೇಲಿನ ಮುಳ್ಳಿನ ಮೀಟರನ್ನು ಬಿಚ್ಚಿ ಕೊಡುವಂತೆ ಕೇಳಿದರು.

"ತಗೊಂಡು ಹೋಗಿ" ಎಂದ ಗಿಲೀಟಪ್ಪ. "ಇಪ್ಪತ್ತು ವರ್ಷ ಅದನ್ನ ನೋಡ್ಕೊಂಡೇ ಲೇಪ ಹಾಕಿದೀನಿ. ಒಂದು ಹಿಡಿಕೆಗೂ ಹೆಚ್ಚುಕಮ್ಮಿ ಆಗಿಲ್ಲ."

ಸೋಮವಾರ ನೆಲಮಾಳಿಗೆಯ ಮೇಜಿನ ಮೇಲೆ ಆ ಮೀಟರಿನ ವಿಚಾರಣೆ ನಡೆಯಿತು. ಒಳಗೆ ಪಿನ್ನಿಲ್ಲ, ಮೇಣವಿಲ್ಲ, ಇರುವೆಯಂತೂ ಇಲ್ಲವೇ ಇಲ್ಲ. ಮುಳ್ಳು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಮೀಟರಮ್ಮ ಟೀ ಲೋಟ ಹಿಡಿದು ಅದನ್ನೇ ದಿಟ್ಟಿಸಿದರು. ಮೀಟರು ಪ್ರಾಮಾಣಿಕ. ಮನುಷ್ಯನ ಮೇಲೂ ಏನೂ ಸಿಕ್ಕಿಲ್ಲ. ಹಾಗಿದ್ದರೆ ಹೆಚ್ಚಿನ ಇಪ್ಪತ್ತು ಪಾಲು ಎಲ್ಲಿಂದ ಬರುತ್ತಿದೆ? ಒಂದು ಗಳಿಗೆ ಅವರಿಗೆ ಭಯವೇ ಆಯಿತು. ಜಾಡಿಯಲ್ಲಿ ಸೂರ್ಯ ಹುಟ್ಟಿದ್ದರೂ ಅವರು ಅಷ್ಟು ಹೆದರುತ್ತಿರಲಿಲ್ಲ. ಹೆದರಿಸಿದ್ದು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕಳ್ಳನಿಲ್ಲದ ಕಳವು ಎದುರಾಗಿದ್ದು.

ಟೀ ತಣ್ಣಗಾಗುವ ಹೊತ್ತಿಗೆ ಅವರಿಗೆ ತಗಡಿನ ಪೆಟ್ಟಿಗೆಯ ಗುಂಯ್ ಸದ್ದು ನೆನಪಾಯಿತು. ಆ ಪೆಟ್ಟಿಗೆಯ ಕರೆಂಟು ಒಂದೇ ಸಮ ಹರಿಯುವುದಲ್ಲ. ಸೆಕೆಂಡಿಗೆ ನೂರು ಸಲ ಉಬ್ಬಿ ಇಳಿಯುವಂಥದು. ಮೀಟರು ಆ ಏರಿಳಿತದ ಸರಾಸರಿಯನ್ನು ಹೇಳುತ್ತದೆ. ಲೇಪ ಹಾಕುವವನಿಗೆ ಬೇಕಾದದ್ದೂ ಸರಾಸರಿಯೇ, ಹಿಡಿಕೆಯ ಮೇಲೆ ನಿಕ್ಕಲ್ ಕೂರುವುದು ಆ ಲೆಕ್ಕದಲ್ಲೇ. ಆದರೆ ಶಾಖದ ಲೆಕ್ಕ ಬೇರೆ, ಕರೆಂಟು ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಒಂದು ದಿನ ಉಪವಾಸವಿದ್ದು ಮರುದಿನ ಎರಡು ದಿನದ ಊಟ ಒಟ್ಟಿಗೆ ಹೊಡೆದರೆ, ಸರಾಸರಿಗೆ ದಿನಕ್ಕೊಂದು ದಿನದ ಊಟವೇ. ಹೊಟ್ಟೆನೋವು ಮಾತ್ರ ಸರಾಸರಿಯಂತೆ ಬರುವುದಿಲ್ಲ. ಕರೆಂಟು ಉಬ್ಬಿದಾಗಲೆಲ್ಲ ನೀರು ಸರಾಸರಿಗಿಂತ ಹೆಚ್ಚು ಕಾಯುತ್ತಿತ್ತು. ಮೀಟರು ಸುಳ್ಳು ಹೇಳಿರಲಿಲ್ಲ, ಅದಕ್ಕೆ ಹಾಕಿದ ಪ್ರಶ್ನೆ ತಪ್ಪಾಗಿತ್ತು. ಬೇರೆ ಕಸುಬಿನವನು ಹೊಸ ಮೀಟರು ಕೊಂಡು ಬಚಾವಾಗುತ್ತಿದ್ದನೇನೋ. ಇಪ್ಪತ್ತು ವರ್ಷ ಒಂದು ಮೀಟರನ್ನು ನಂಬಿ ಒಮ್ಮೆಯೂ ಮೋಸಹೋಗದ ಲೇಪನದವನೇ ಈ ತಪ್ಪು ಮಾಡಬಲ್ಲವನು.

ಮುಂದಿನ ಭಾನುವಾರ ಅವರು ಕೈಯಲ್ಲಿ ಆ ಮೀಟರನ್ನೂ ಚೀಲದಲ್ಲಿ ನೀರು ಕಾಯಿಸುವ ಸಣ್ಣ ಹೀಟರ್ ಸುರುಳಿಯೊಂದನ್ನೂ ಇಟ್ಟುಕೊಂಡು ಬಂದರು. ಈ ಸಲ ಮೇಷ್ಟ್ರೂ ಇರಲಿಲ್ಲ, ಸಲೂನಿನವನೂ ಇರಲಿಲ್ಲ, ಇದ್ದವರು ತಂಗಿ ಮತ್ತು ಗಿಲೀಟಪ್ಪ ಇಬ್ಬರೇ. ವಿಷಯವನ್ನು ಹೊಟ್ಟೆನೋವಿನ ಸಮೇತ ವಿವರಿಸಿ, ತಮ್ಮ ಕೊಠಡಿಯ ಮೀಟರಾದರೆ ಆ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ ಎಂದರು.

ಗಿಲೀಟಪ್ಪ ಒಪ್ಪಲಿಲ್ಲ. "ನಿಮ್ಮ ಮೀಟರು ಬೇರೆ ಹೇಳುತ್ತೆ, ನನ್ನ ಮೀಟರು ಬೇರೆ ಹೇಳುತ್ತೆ. ನಿಮ್ಮದನ್ನ ಪರೀಕ್ಷೆ ಮಾಡಿದವರು ಯಾರು?"

"ನಾನೇ."

"ಅದೇ ಮತ್ತೆ."

"ಅದಕ್ಕೇ ನನ್ನ ಮೀಟರೇ ಬೇಡ ಅಂತಿರೋದು. ನಿಮ್ಮದೇ ಪೆಟ್ಟಿಗೆ, ನಿಮ್ಮದೇ ಮೀಟರು, ನಿಮ್ಮದೇ ಪಾತ್ರೆ. ಜಾಡಿ ತೆಗೆದಿಟ್ಟು ನಲ್ಲಿ ನೀರಲ್ಲಿ ಈ ಸುರುಳಿ ಇಡಿ. ನೂರಕ್ಕೆ ನೂರು ಬಂದ್ರೆ ನಿಮ್ಮ ಜಾಡಿ ನಿಜ, ನಾನು ಸಹಿ ಹಾಕ್ತೀನಿ. ಇದರಲ್ಲೂ ನೂರಿಪ್ಪತ್ತು ಬಂದ್ರೆ..."

"ಗೊತ್ತಾಯ್ತು" ಎಂದವನು ಕೈಚಾಚಿದ. "ಚೀಲ ಕೊಡಿ."

"ಯಾಕೆ?"

"ನೋಡಬೇಕು."

ಮೀಟರಮ್ಮ ಚೀಲ ಕೊಟ್ಟರು. ಅವನು ಕೊಡೆ ಬಿಚ್ಚಿ ಅಲ್ಲಾಡಿಸಿದ, ಕನ್ನಡಕದ ಡಬ್ಬಿಯನ್ನು ತೆರೆದ, ತಲೆನೋವಿನ ಮಾತ್ರೆಗಳನ್ನು ಮೂಸಿದ, ಸುರುಳಿಯ ಹಿಡಿಯ ತಿರುಪು ಬಿಚ್ಚಿ ಒಳಗೆ ಬ್ಯಾಟರಿ ಇದೆಯೇನೋ ಎಂದು ಹುಡುಕಿದ. ಮೇಜಿನ ಈಚೆ ಬದಿಯಲ್ಲಿ ನಿಂತಾಗ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂಬುದೇ ತಿಳಿಯುವುದಿಲ್ಲ ಎಂಬುದು ಮೀಟರಮ್ಮನಿಗೆ ಅಂದು ಗೊತ್ತಾಯಿತು.

"ಈಗ ಇಬ್ಬರೂ ಹೊರಗಿರಿ. ನಾನೊಬ್ಬನೇ ಮಾಡ್ತೀನಿ."

ಮೀಟರಮ್ಮ ಬಾಯಿ ತೆರೆದರು. ಸಾಕ್ಷಿಯಿಲ್ಲದ ಪರೀಕ್ಷೆಯೆಂಬುದು ಅವರ ಕೊಠಡಿಯಲ್ಲಿ ಪರೀಕ್ಷೆಯೇ ಅಲ್ಲ. ತಂಗಿ ಅವರ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು.

ಅಂಗಡಿಯ ಮುಂದಿನ ಬೆಂಚಿನ ಮೇಲೆ ಒಂದು ಗಂಟೆ ಕೂರಬೇಕಾಗಿತ್ತು. ಒಳಗಿನಿಂದ ಪೆಟ್ಟಿಗೆಯ ಗುಂಯ್ ಕೇಳಿಸುತ್ತಿತ್ತು.

"ಅಕ್ಕ, ಒಳಗೆ ಎಷ್ಟೇ ಬರಲಿ, ಇವರು ನೂರು ಅಂತ ಹೇಳಬಹುದಲ್ವಾ?"

"ಹೇಳಬಹುದು."

"ಹೇಳಿದ್ರೆ ಜಾಡಿ ಉಳ್ಕೊಳ್ಳುತ್ತೆ."

"ಉಳ್ಕೊಳ್ಳುತ್ತೆ."

"ಸುಳ್ಳಾಗಿದ್ರೆ ನಿನಗೆ ಗೊತ್ತಾಗುತ್ತಾ?"

"ತಕ್ಷಣ."

"ಹಾಗೇನಾದ್ರೂ ಆದ್ರೆ ನಂಗೆ ಹೇಳಬೇಡ. ಹೋದ ವಾರ ಜೇಬು ತೋರಿಸು ಅಂದ್ಯಲ್ಲ, ಆವಾಗ ನಾನೂ ಇಣುಕಿದೆ ಕಣೇ. ಇಪ್ಪತ್ತೆರಡು ವರ್ಷ ಆ ಜೇಬು ಒಗೆದಿದೀನಿ."

ಅನುಮಾನ ತಮ್ಮ ಕೈಯಿಂದ ತಂಗಿಗೆ ದಾಟಿಹೋದದ್ದು ಮೀಟರಮ್ಮನಿಗೆ ತಿಳಿದೇ ಇರಲಿಲ್ಲ. ಅಂಟುರೋಗ ತಂದವರು ತಾವಾದರೂ ಮಲಗಿದವಳು ತಂಗಿ. ಮನಸ್ಸಿನಲ್ಲಿ ಮಾತ್ರ ಅವರು, ಗಂಟೆ ಆಗುವ ಮೊದಲೇ ಬಾಗಿಲು ತೆರೆದರೆ ಮೋಸ, ತಡವಾಗಿ ತೆರೆದರೂ ಮೋಸ ಎಂದು ಲೆಕ್ಕ ಹಾಕುತ್ತಲೇ ಇದ್ದರು. ನಡುವೆ ಸಲೂನಿನವನು ತಲೆ ಹೊರಹಾಕಿ, "ಯಾವಾಗ ಖಾಲಿ ಮಾಡ್ತಾರಂತೆ?" ಎಂದು ಕೇಳಿದ. ಅಕ್ಕತಂಗಿಯರಿಬ್ಬರೂ ಒಟ್ಟಿಗೆ ಅವನ ಕಡೆ ನೋಡಿದರು. ತಲೆ ಒಳಗೆ ಹೋಯಿತು.

ಗುಂಯ್ ನಿಂತಿತು. ಬಾಗಿಲು ತೆರೆಯಲಿಲ್ಲ. ಎರಡು ನಿಮಿಷ, ಮೂರು ನಿಮಿಷ. ಅಂಕಿ ತಿದ್ದಲು ಮೂರು ನಿಮಿಷ ಧಾರಾಳ ಸಾಕೆಂದು ಮೀಟರಮ್ಮನಿಗೆ ಗೊತ್ತಿತ್ತು. ಅವರು ಎದ್ದು ನಿಂತರು.

ಗಿಲೀಟಪ್ಪ ಹೊರಗೆ ಬಂದ. ಕೈಯಲ್ಲಿ ಕಾಗದವಿರಲಿಲ್ಲ.

"ನೂರಿಪ್ಪತ್ತೆರಡು" ಎಂದ.

"ಏನು?"

"ನಲ್ಲಿ ನೀರಿಗೂ ನೂರಿಪ್ಪತ್ತೆರಡು, ಅತ್ತಿಗೆ. ಲೆಕ್ಕ ಮೂರು ಸಲ ಹಾಕಿದೆ, ಅದಕ್ಕೇ ತಡ ಆಯ್ತು." ತೋಳಿನಿಂದ ಮುಖ ಒರೆಸಿಕೊಂಡ. "ಬನ್ನಿ ಒಳಗೆ, ನೀವೂ ಒಂದು ಸಲ ನೋಡಿ. ನೀರು ಇನ್ನೂ ಬಿಸಿ ಇದೆ."

"ಬೇಡ. ನೀವು ನೋಡಿದೀರಲ್ಲ" ಎಂದರು ಮೀಟರಮ್ಮ.

ಹಾಗೆಂದರೂ ಅವರ ಕಾಲು ತಾನಾಗಿ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಾಗಿತ್ತು. ಅವರು ಅದನ್ನು ಅಲ್ಲೇ ನಿಲ್ಲಿಸಿದರು. ತಂಗಿ ಬೆಂಚಿನ ಮೇಲೆ ಒಂದು ಬದಿಗೆ ಸರಿದು ಗಂಡನಿಗೆ ಜಾಗ ಮಾಡಿಕೊಟ್ಟಳು.