ಅಜ್ಜಿಯ ಊಟಕ್ಕೆ ತಾಲೀಮು

ಲೀಡ್ಸಿನಲ್ಲಿ ಈಗ ಬ್ರೆಜಿಲಿನವರ ಅಂಗಡಿಯೊಂದಿದೆ. ಹೋದ ತಿಂಗಳು ಅದರ ಫ್ರೀಜರಿನಲ್ಲಿ ಗೇರುಹಣ್ಣಿನ ತಿರುಳಿನ ಪೊಟ್ಟಣ ಕಂಡಿತು. ಹಡರ್ಸ್‌ಫೀಲ್ಡಿನ ನಮ್ಮ ಮನೆಗೆ ತಂದು ಸಿಂಕಿನಲ್ಲಿಟ್ಟೆ. ಮಂಜು ಕರಗುತ್ತಿದ್ದಂತೆ ವಾಸನೆ ಮೆಲ್ಲಗೆ ಎದ್ದಿತು. ಸಿಹಿ, ಸ್ವಲ್ಪ ಹುಳಿ, ಅದರ ಹಿಂದೆಯೇ ಗಂಟಲು ಕೆರೆಯುವ ಒಗರು. ಪುತ್ತೂರಿನ ಕಡೆ ಹುಟ್ಟಿದವಳಿಗೆ ಆ ವಾಸನೆಗೆ ಊರಿನ ಗೇರುಗುಡ್ಡ ನೆನಪಾಗಬೇಕಿತ್ತು. ನನಗೆ ನೆನಪಾದದ್ದು ಹೆಡಿಂಗ್ಲೀಯ ಒಂದು ಅಡುಗೆಮನೆ. ಸಿಂಕಿನ ಅಂಚು ಹಿಡಿದು ನಿಂತೆ. ಆ ಅಡುಗೆಮನೆಯ ಒಡತಿ ತೀರಿಕೊಂಡ ಸುದ್ದಿ ಬಂದು ಆಗಿನ್ನೂ ಕೆಲವೇ ದಿನಗಳಾಗಿದ್ದವು...

ಅವರು ನಮ್ಮ ಪಕ್ಕದ ಮನೆಯವರಾಗಿದ್ದರು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ನನ್ನ ಗಂಡನಿಗೆ ಲೀಡ್ಸಿನಲ್ಲಿ ಇಂಜಿನಿಯರಿಂಗ್ ಕೆಲಸ ಸಿಕ್ಕಿ, ಹೆಡಿಂಗ್ಲೀಯ ಇಟ್ಟಿಗೆಯ ಸಾಲುಮನೆಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದೆವು. ಸುತ್ತಮುತ್ತ ಇದ್ದವರೆಲ್ಲ ವಿದ್ಯಾರ್ಥಿಗಳು. ಸಂಸಾರ ಅಂತ ಇದ್ದದ್ದು ನಮ್ಮದು ಮತ್ತು ಅವರದು. ಅವರು ಬ್ರೆಜಿಲಿನವರು. ಗಂಡ ಇಲ್ಲಿಯವರೇ, ಬಸ್ ಓಡಿಸುತ್ತಿದ್ದರು. ಒಬ್ಬಳೇ ಮಗಳು, ಆಗ ಹೈಸ್ಕೂಲಿನಲ್ಲಿದ್ದಳು. ಅವರು ನನ್ನನ್ನು ‘ವಿಜಿನ್ಯ’ ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ಅದಕ್ಕೆ ನೆರೆಯವಳು ಎಂದು ಅರ್ಥ. ನಾನೂ ಅವರನ್ನು ಹಾಗೆಯೇ ಕರೆಯತೊಡಗಿದೆ. ಹೆಸರು ಗೊತ್ತಿದ್ದೂ ಇಬ್ಬರೂ ಅದನ್ನು ಬಳಸಲಿಲ್ಲ.

ಪರಿಚಯವಾದದ್ದು ಪಾಯಸದಿಂದ. ಹಿತ್ತಿಲ ಬಾಗಿಲು ತೆರೆದಿಟ್ಟು ತುಪ್ಪದಲ್ಲಿ ಗೇರುಬೀಜ ಹುರಿಯುತ್ತಿದ್ದೆ. ತಗ್ಗು ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಅವರು ಕೈಯಲ್ಲಿ ಒದ್ದೆ ಅಂಗಿ ಹಿಡಿದುಕೊಂಡೇ ಕೇಳಿದರು.

“ಅದರ ಹಣ್ಣು ನೋಡಿದ್ದೀಯಾ ನೀನು?”

“ನೋಡೋದೇನು, ತಿಂದು ಲಂಗಕ್ಕೆಲ್ಲ ಕಲೆ ಮಾಡ್ಕೊಂಡು ಅಮ್ಮನ ಹತ್ರ ಬೈಸ್ಕೊಂಡಿದ್ದೀನಿ. ಎಷ್ಟು ಒಗೆದ್ರೂ ಆ ಕಲೆ ಹೋಗಲ್ಲ,” ಎಂದೆ.

ಅವರು ಅಂಗಿಯನ್ನು ಗೋಡೆಯ ಮೇಲೆ ಹಾಕಿ ನನ್ನ ಕೈ ಹಿಡಿದುಕೊಂಡರು. ಬೀಜ ಹಣ್ಣಿನ ಹೊರಗೆ, ಬುಡದಲ್ಲಿ ನೇತಾಡುತ್ತದೆ ಎಂದರೆ ಈ ಊರಿನಲ್ಲಿ ಯಾರೂ ನಂಬುವುದಿಲ್ಲ, ಕಟ್ಟಿಕೊಂಡ ಗಂಡನೂ ನಂಬಿಲ್ಲ ಎಂದರು. ನಮ್ಮ ಕರಾವಳಿಗೆ ಗೇರು ಬಂದದ್ದೇ ಅವರ ದೇಶದಿಂದ, ಪೋರ್ಚುಗೀಸರ ಹಡಗುಗಳಲ್ಲಿ ಎಂಬುದು ನನಗೆ ಆಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ತಿಳಿದದ್ದು ಇಷ್ಟೇ: ಹಣ್ಣಿನ ಮೇಲೆ ಉಪ್ಪು ಉದುರಿಸಿ ತಿನ್ನುವುದು ಅವರಿಗೂ ಗೊತ್ತಿತ್ತು.

ಅವರ ಊರು ಬ್ರೆಜಿಲಿನ ಈಶಾನ್ಯ ಭಾಗದ ಒಣಸೀಮೆಯಲ್ಲಿತ್ತು. ತಾಯಿಯ ಮಾತು ಮೀರಿ ಮದುವೆಯಾಗಿ ಇಂಗ್ಲೆಂಡಿಗೆ ಬಂದಿದ್ದರು. ಅಂದಿನಿಂದ ತಾಯಿ ಒಮ್ಮೆಯೂ ಫೋನಿಗೆ ಬಂದಿರಲಿಲ್ಲ. ಭಾನುವಾರಗಳಂದು ತಂಗಿ ಮಾತನಾಡುತ್ತಿದ್ದಳು. ಅವಳ ದನಿಯ ಹಿಂದೆ ತಾಯಿ ಪಾತ್ರೆ ಸರಿಸುವ ಸದ್ದು ಕೇಳಿಸುತ್ತಿತ್ತಂತೆ, ಅಷ್ಟೇ... ಒಂದು ವಸಂತದಲ್ಲಿ ಆ ತಂಗಿ ಹೊಸ ಮಾತು ಹೇಳಿದಳು. ಅಮ್ಮನಿಗೆ ಮೊಮ್ಮಗಳನ್ನು ನೋಡಬೇಕಂತೆ, ಬೇಸಿಗೆ ರಜೆಗೆ ಕಳಿಸು ಎಂದು.

“ನೀವೂ ಜೊತೆಗೆ ಹೋಗಿ ಬನ್ನಿ,” ಎಂದೆ ನಾನು.

“ನನ್ನನ್ನ ಕರೆದಿಲ್ಲ, ವಿಜಿನ್ಯ. ಮಗೂನ ಕಳಿಸು ಅಂದ್ರು. ನೀನೂ ಬಾ ಅಂದಿಲ್ಲ.”

ಕಳಿಸುವ ಸಂತೋಷಕ್ಕಿಂತ ಅವರ ಹೆದರಿಕೆ ದೊಡ್ಡದಾಗಿತ್ತು. ಮಗಳು ಚಿಪ್ಸ್, ಟೋಸ್ಟು, ಡಬ್ಬಿಯ ಬೀನ್ಸ್ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಅಜ್ಜಿಯ ಮನೆಯಲ್ಲಿ ತಟ್ಟೆ ದೂರ ಸರಿಸಿದರೆ ಬಡಿಸಿದವರನ್ನೇ ದೂರ ಸರಿಸಿದಂತೆ. ಹುಡುಗಿ ಹಾಗೇನಾದರೂ ಮಾಡಿದರೆ, ‘ನೋಡಿ, ಅವಳು ಮಗಳನ್ನು ಬೆಳೆಸಿದ ರೀತಿ’ ಎಂದು ತಾಯಿ ಒಳಗೆ ಹೋಗಿಬಿಡುತ್ತಾರೆ, ಆಮೇಲೆ ಇನ್ನಾವ ದಾರಿಯೂ ಇರುವುದಿಲ್ಲ ಎಂದು ಅವರು ನನಗೆ ಹೇಳಿದ್ದರು. ಅದಕ್ಕೆಂದೇ ಶನಿವಾರಗಳ ತಾಲೀಮು ಶುರುವಾಯಿತು. ಗಂಡ ಗೆಳೆಯರ ಜೊತೆ ಹೊರಗೆ ಹೋದ ಮೇಲೆ ಮೇಜಿನ ಮೇಲೆ ಬಟ್ಟೆ ಹಾಸಿ, ತಲೆಗೊಂದು ವಸ್ತ್ರ ಕಟ್ಟಿಕೊಂಡು ಅವರು ತಮ್ಮ ತಾಯಿಯೇ ಆಗಿಬಿಡುತ್ತಿದ್ದರು. ಮಗಳು ಬಾಗಿಲಿನಿಂದ ಅತಿಥಿಯಾಗಿ ಬರಬೇಕು. ನಾನು ಇನ್ನೊಬ್ಬ ಅತಿಥಿ. ಮಾಂಸ ತಿನ್ನದ ನನ್ನಂಥವಳೊಬ್ಬಳು ಮೇಜಿನಲ್ಲಿದ್ದರೆ, ಬೇಡವೆನ್ನುವವರನ್ನು ಅಜ್ಜಿ ಹೇಗೆ ನೋಡುತ್ತಾರೆಂದು ತೋರಿಸಬಹುದು, ಆಟ ನಿಜದಂತೆ ಇರುತ್ತದೆ ಎಂಬುದು ಅವರ ಲೆಕ್ಕಾಚಾರ.

ಸಾಮಾನು ಹೊಂದಿಸುವುದೇ ಒಂದು ಸಡಗರವಾಗಿತ್ತು. ಟಪಿಯೋಕ ಎಂಬ ರೊಟ್ಟಿಗೆ ಮರಗೆಣಸಿನ ಹಿಟ್ಟು ಚೀನಾದವರ ಅಂಗಡಿಯಿಂದ. ಮರಗೆಣಸಿನ ರವೆ ಚಾಪೆಲ್‌ಟೌನಿನ ಆಫ್ರಿಕನ್ ಅಂಗಡಿಯಿಂದ. ಅದನ್ನು ಬೆಣ್ಣೆ, ಈರುಳ್ಳಿಯ ಜೊತೆ ಘಮ್ಮೆನ್ನುವಂತೆ ಹುರಿದು ಅನ್ನದ ಮೇಲೆ ಉದುರಿಸುತ್ತಿದ್ದರು, ಅದರ ಹೆಸರು ಫರೋಫ. ಅವರ ಊರಿನ ಬೆಲ್ಲದಚ್ಚಿಗೆ ಬದಲು ನಮ್ಮ ಅಚ್ಚುಬೆಲ್ಲ. ಅವರು ಅದನ್ನು ಮೂಸಿ ನೋಡಿ, ಒಂದು ಚೂರು ಕಡಿದು, ಕಣ್ಣುಮುಚ್ಚಿ ನಿಂತದ್ದು ನೆನಪಿದೆ. ಜೋಳದ ತರಿಯನ್ನು ಒದ್ದೆ ಮಾಡಿ ನನ್ನ ಇಡ್ಲಿ ಪಾತ್ರೆಯಲ್ಲೇ ಬೇಯಿಸುತ್ತಿದ್ದರು. ಅಲಸಂದೆ, ಅಕ್ಕಿ, ಚೀಸು ಒಟ್ಟಿಗೆ ಬೆಂದ ಅನ್ನಕ್ಕೆ ಮಾಂಸ ಹಾಕುವ ಮೊದಲು ನನ್ನ ಪಾಲನ್ನು ಬೇರೆ ತೆಗೆದಿಡುತ್ತಿದ್ದರು. ಕೊನೆಗೆ ಕೊಬ್ಬರಿ ಮಿಠಾಯಿ, ಬಟ್ಟೆಯಲ್ಲಿ ಸೋಸಿದ ಸಿಹಿ ಕಾಫಿ, ಪುಟ್ಟ ಪುಟ್ಟ ಲೋಟಗಳಲ್ಲಿ.

“ಪ್ರವಾಸಕ್ಕೆ ಹೋದೋರು ಬೀಚಲ್ಲಿ ಕೂತು ನಿಂಬೆ ಹಾಕಿದ ಕಬ್ಬಿನ ಸಾರಾಯಿ ಕುಡಿದು, ಕಂಬಿಗೆ ಚುಚ್ಚಿ ಸುಟ್ಟ ಮಾಂಸ ತಿಂದು ವಾಪಸ್ ಬರ್ತಾರೆ,” ಎನ್ನುತ್ತಿದ್ದರು. “ಬ್ರೆಜಿಲ್ ನೋಡಿದ್ವಿ ಅಂತಾರೆ. ಬೆಳಗ್ಗೆ ಯಾರದಾದ್ರೂ ಅಡುಗೆಮನೇಲಿ ಕೂತು ಬಿಸಿ ಟಪಿಯೋಕ ತಿನ್ನದೆ ಏನು ನೋಡಿದ ಹಾಗಾಯ್ತು?”

ಮಗಳಿಗೆ ಈ ಯಾವುದರ ಮೇಲೂ ಪ್ರೀತಿ ಇರಲಿಲ್ಲ. ತಾಯಿಯ ಭಾಷೆ ಅರ್ಥವಾದರೂ ಉತ್ತರ ಇಂಗ್ಲಿಷಿನಲ್ಲೇ.

“ಮಮ್, ಈ ಫರೋಫ ಮರದ ಹೊಟ್ಟಿನ ಥರ ಇದೆ.”

“ಅಜ್ಜಿಗೆ ಇಂಗ್ಲಿಷ್ ಬರಲ್ಲ. ತಿನ್ನು,” ಎಂದರು ತಲೆವಸ್ತ್ರ ಕಟ್ಟಿಕೊಂಡಿದ್ದ ತಾಯಿ.

“ಅಜ್ಜಿ ಇಷ್ಟು ಜೋರಿದ್ರೆ ನಾನು ಹೋಗೋದೇ ಇಲ್ಲ.”

“ಅಜ್ಜಿ ಇನ್ನೂ ಜೋರು. ನಾನು ಕಡಿಮೆ ಮಾಡಿ ತೋರಿಸ್ತಿದ್ದೀನಿ.”

ಟಪಿಯೋಕದ ಪಾಠದ ದಿನ ಕೆಡಿಸಿದವಳು ನಾನು. ಮರಗೆಣಸಿನ ಹಿಟ್ಟನ್ನು ಕಾವಲಿಯ ಮೇಲೆ ತೆಳ್ಳಗೆ ಮಾಡುತ್ತಾರೆ ಎಂದು ಕೇಳಿದ್ದೆ. ನಮ್ಮ ನೀರುದೋಸೆಯಂತೆಯೇ ಇರಬೇಕೆಂದು, ಅವರು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವರ ಅಡುಗೆಮನೆಯಲ್ಲೇ ನೀರು ಹಾಕಿ ಕಲಸಿ, ದೋಸೆ ಕಾವಲಿಗೆ ಹೊಯ್ದೆ. ಅದು ಬೇಯಲಿಲ್ಲ, ಏಳಲೂ ಇಲ್ಲ. ಕಾವಲಿಗೆ ಕಚ್ಚಿಕೊಂಡು ಎಳೆದಲ್ಲಿಗೆ ಎಳೆಎಳೆಯಾಗಿ ಬಂದಿತು. ನನ್ನನ್ನು ಕರೆಯಲು ಬಂದ ನನ್ನ ಗಂಡ ಬಗ್ಗಿ ನೋಡಿ, “ಏನೇ ಇದು, ವಾಲ್‌ಪೇಪರ್ ಅಂಟಿಸ್ತಿದ್ದೀರಾ?” ಎಂದರು. ಹುಡುಗಿ ಕುರ್ಚಿಯಿಂದ ಜಾರುವಷ್ಟು ನಕ್ಕಳು. ತಾಯಿ ಸರಿಯಾದ ಕ್ರಮ ತೋರಿಸಿದರು: ಹಿಟ್ಟಿಗೆ ಬರೀ ತೇವ ತಾಕಿಸಿ, ಕೈಯಲ್ಲಿ ಉದುರಾಗಿಸಿ, ಬಿಸಿ ಕಾವಲಿಯ ಮೇಲೆ ಒಣಪುಡಿಯಾಗಿಯೇ ಹರಡಬೇಕು. ಪುಡಿ ತಾನಾಗಿ ಒಂದಕ್ಕೊಂದು ಕೂಡಿಕೊಂಡು ಬಿಳಿಯ ರೊಟ್ಟಿಯಾಗುತ್ತದೆ. ತೆಂಗಿನ ತುರಿ ತುಂಬಿ ಮಡಚಿ ಕೊಟ್ಟರು. ಅಷ್ಟು ನಕ್ಕ ಮೇಲೆ ಹುಡುಗಿಗೆ ಬೇಡವೆನ್ನಲು ಆಗಲಿಲ್ಲವೇನೋ, ತಿಂದಳು. ಇನ್ನೊಂದನ್ನೂ ತೆಗೆದುಕೊಂಡಳು. ತಾಯಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಆಟ ಮುರಿಯುತ್ತಿತ್ತು.

ಕಷ್ಟವಾದದ್ದು ಬೆಂಡೆಕಾಯಿ. ಹುಡುಗಿಗೆ ಅದರ ಲೋಳೆ ಕಂಡರೆ ಆಗುತ್ತಿರಲಿಲ್ಲ. ಅವಳದೊಂದು ಕ್ರಮವಿತ್ತು. ಬೇಡದ್ದನ್ನು ಮೊದಲು ಗಬಗಬನೆ ಮುಗಿಸಿ, ಇಷ್ಟದ್ದನ್ನು ನಿಧಾನವಾಗಿ ತಿನ್ನುವುದು. ಸ್ಕೂಲಿನ ಊಟದಲ್ಲಿ ಕಲಿತದ್ದಿರಬೇಕು. ಅಂದೂ ಹಾಗೆಯೇ ಬೆಂಡೆಕಾಯಿ ಮುಗಿಸಿದಳು. ಮರುಕ್ಷಣವೇ ‘ಅಜ್ಜಿ’ ಇನ್ನೊಂದು ಸೌಟು ತುಂಬ ಬಡಿಸಿದರು. ಅದನ್ನೂ ಮುಗಿಸಿದಳು, ಮತ್ತೊಂದು ಸೌಟು. ಹುಡುಗಿಯ ಕಣ್ಣಲ್ಲಿ ನೀರು ಬಂದಿತು. ನನಗೆ ನಮ್ಮ ಕಡೆಯ ಮದುವೆ ಊಟಗಳು ನೆನಪಾಗಿ ನಗು ತಡೆಯಲಾಗಲಿಲ್ಲ.

“ಬೇಡದ್ದನ್ನ ಯಾವತ್ತೂ ಮೊದಲು ಖಾಲಿ ಮಾಡ್ಬೇಡ ಮಗೂ,” ಎಂದೆ. “ಖಾಲಿ ಕಂಡ್ರೆ ತುಂಬ್ತಾರೆ. ಒಂಚೂರು ಉಳಿಸ್ಕೊಂಡೇ ಇರು. ಬಡಿಸೋಕೆ ಬಂದ್ರೆ ಬೇಡ ಅನ್ಬೇಡ. ತಟ್ಟೆ ಮೇಲೆ ಕೈ ಅಡ್ಡ ಹಿಡಿದು ‘ಇದೆ, ಇದೆ’ ಅನ್ನು.”

“ನಿಮ್ಮೂರಲ್ಲೂ ಹೀಗೇನಾ?” ಎಂದಳು ಅವಳು, ನಾವಿಬ್ಬರೂ ಸೇರಿ ಏನೋ ಒಳಸಂಚು ಮಾಡಿದ್ದೇವೆ ಎಂಬಂತೆ.

ಜುಲೈ ಕೊನೆಯಲ್ಲಿ ಅವಳು ಮ್ಯಾಂಚೆಸ್ಟರಿನಿಂದ ವಿಮಾನ ಹತ್ತಿದಳು. ಮೊದಲ ಭಾನುವಾರ ಫೋನ್ ಬರಲಿಲ್ಲ. ತಲುಪಿದ್ದಾಳೆ ಎಂಬುದಷ್ಟೇ ತಂಗಿಯಿಂದ ಗೊತ್ತಾಗಿತ್ತು. ಎರಡನೆಯ ಭಾನುವಾರ ಮಧ್ಯಾಹ್ನ ಅವರು ನನ್ನನ್ನು ಕರೆದು ಕೂರಿಸಿಕೊಂಡರು. ಸುಮ್ಮನಿರಲಾರದೆ ಅಲಸಂದೆ ಅನ್ನಕ್ಕಿಟ್ಟಿದ್ದರು, ಮಾಂಸ ಹಾಕದೆ.

ಫೋನ್ ಬಂದಾಗ ನಾನು ಅವರ ಎದುರಿಗೇ ಇದ್ದೆ. ಮಾತು ನನಗೆ ಅರ್ಥವಾಗುತ್ತಿರಲಿಲ್ಲ, ಕಂಡದ್ದನ್ನಷ್ಟೇ ಹೇಳುತ್ತೇನೆ. ಮೊದಲು ಮಗಳ ದನಿ, ನನಗೂ ಕೇಳಿಸುವಷ್ಟು ಜೋರು, ಅವಳು ನಗುತ್ತಿದ್ದಳು. ಇವರ ಹೆಗಲು ಸಡಿಲವಾಯಿತು. ಆಮೇಲೆ ಆ ಕಡೆಯಿಂದ ಬೇರೊಂದು ದನಿ ಬಂದಿತು. ಇವರು ಎದ್ದು ನಿಂತರು, ಇನ್ನೊಂದು ಕೈಯನ್ನು ಗೋಡೆಗೆ ಊರಿದರು. “ಮಾಂಯ್,” ಎಂದರು. ಅದು ಅಮ್ಮ ಎಂಬ ಪದ, ಅಷ್ಟು ಗೊತ್ತಿತ್ತು. ಬಹಳ ಹೊತ್ತು ಕೇಳಿಸಿಕೊಂಡರು. ಮುಖ ಕೆಂಪಾಯಿತು. ಆಮೇಲೆ ಅವರು ಜಗಳಕ್ಕೆ ನಿಂತರು. ಕೈ ಬೀಸಿ, ಕಾವಲಿಯ ಕಡೆ ತೋರಿಸಿ, ಆ ಕಡೆಯವರಿಗೆ ಕಾಣಿಸುತ್ತದೋ ಎಂಬಂತೆ. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ವಾದವೂ ನಡೆಯುತ್ತಲೇ ಇತ್ತು.

ಫೋನ್ ಇಟ್ಟು ಅವರೇ ಬಿಡಿಸಿ ಹೇಳಿದರು.

“‘ಈ ಮಗೂಗೆ ಊಟ ಹಾಕ್ತೀಯೋ ಇಲ್ವೋ ನೀನು’ ಅಂತ ಕೇಳಿದ್ರು. ಮೊದಲ ಮಾತೇ ಅದು. ಮೂರ್ಹೊತ್ತೂ ಬೆಂಡೆಕಾಯಿ ತಿಂತಾಳಂತೆ.”

ಹುಡುಗಿ ಮೊದಲ ದಿನ ಗಾಬರಿಯಲ್ಲಿ ಪಾಠ ಮರೆತು ಬೆಂಡೆಕಾಯಿಯನ್ನೇ ಮೊದಲು ಮುಗಿಸಿದ್ದಳು. ಮೊಮ್ಮಗಳಿಗೆ ಅದೆಂದರೆ ಪ್ರಾಣ ಎಂದುಕೊಂಡ ಅಜ್ಜಿ ದಿನವೂ ಅದನ್ನೇ ಮಾಡುತ್ತಿದ್ದರು.

“ಆಮೇಲೆ ನನ್ನ ಟಪಿಯೋಕ. ಅಂಚೆಲ್ಲ ಒಡೆದಿರತ್ತೆ ಅಂತ ಇವಳು ಹೇಳಿಬಿಟ್ಟಿದ್ದಾಳೆ. ಲೀಡ್ಸಲ್ಲಿ ಸಿಗೋ ಹಿಟ್ಟೇ ಹಾಗೆ ಅಂದೆ, ಕೇಳ್ಲಿಲ್ಲ.” ಅವರು ಮೂಗು ಒರೆಸಿಕೊಂಡರು. “ಡಿಸೆಂಬರಿಗೆ ಬಾ, ಸರಿಯಾಗಿ ಕಲ್ತುಕೊಂಡು ಹೋಗು ಅಂದ್ರು, ವಿಜಿನ್ಯ. ಬಾ ಅಂದ್ರು.”

ಆ ಡಿಸೆಂಬರಿನಲ್ಲಿ ಅವರು ಹೋದರು. ಆಮೇಲೆ ಹೆಚ್ಚುಕಡಿಮೆ ಪ್ರತಿ ವರ್ಷವೂ. ನಾವು ಹಡರ್ಸ್‌ಫೀಲ್ಡಿಗೆ ಬಂದೆವು. ತಾಯಿಗೆ ವಯಸ್ಸಾದಾಗ ನೋಡಿಕೊಳ್ಳಲು ಅವರು ಗಂಡನ ಜೊತೆ ಊರಿಗೇ ಹೋಗಿ ನೆಲೆಸಿದರು, ತಾಯಿಯ ಕಾಲದ ನಂತರವೂ ಅಲ್ಲೇ ಉಳಿದರು. ಹಬ್ಬಗಳಿಗೆ ಫೋನು, ಕೆಲವೊಮ್ಮೆ ಅದೂ ಇಲ್ಲ... ಹೆಡಿಂಗ್ಲೀಯ ಆ ಮನೆಯಲ್ಲಿ ಈಗ ವಿದ್ಯಾರ್ಥಿಗಳಿದ್ದಾರೆ.

ಮಗಳು ಮ್ಯಾಂಚೆಸ್ಟರಿನಲ್ಲಿದ್ದಾಳೆ. ಅಂತ್ಯಕ್ರಿಯೆ ಮುಗಿಸಿ ಬಂದವಳು ಹೋದ ವಾರ ಮತ್ತೆ ಫೋನ್ ಮಾಡಿದಳು. ಏನೇನೋ ಮಾತನಾಡಿ ಕೊನೆಗೆ ಕೇಳಿದಳು.

“ಆಂಟಿ, ಅವತ್ತು ಅಜ್ಜಿ ಮಾತಾಡಿದಾಗ ನಾನು ಅಜ್ಜಿ ಪಕ್ಕ ಇದ್ದೆ. ಫೋನ್ ಇಟ್ಟ ಮೇಲೆ ಈ ಕಡೆ ಅಮ್ಮ ಏನು ಮಾಡಿದ್ರು? ನೋಡಿದೋರು ನೀವೊಬ್ರೇ.”

ಇಲ್ಲದ್ದನ್ನು ಸೇರಿಸಿ ಹೇಳಬಾರದೆಂದು ಒಂದೊಂದಾಗಿ ಜೋಡಿಸಿ ಹೇಳಿದೆ. ಒಲೆ ಆರಿಸಿದರು. ಮುಖ ತೊಳೆದರು. ಪಾತ್ರೆಯನ್ನು ಮೇಜಿನ ಮೇಲೆ ತಂದಿಟ್ಟರು. ನನಗೆ ಬಡಿಸುತ್ತಾರೆಂದುಕೊಂಡೆ. ಅವರು ಸೌಟನ್ನು ನನ್ನ ಕೈಗೆ ಕೊಟ್ಟು, ತಾಲೀಮಿನಲ್ಲಿ ಮಗಳು ಕೂರುತ್ತಿದ್ದ ಕುರ್ಚಿಯಲ್ಲಿ ಕೂತು, ‘ಬಡಿಸು’ ಎಂದರು. ಬಡಿಸಿದೆ. ತಲೆಯೆತ್ತದೆ ತಿಂದರು. ತಟ್ಟೆ ಖಾಲಿಯಾದ ಹಾಗೆಲ್ಲ ನಾನು ಹಾಕುತ್ತ ಹೋದೆ. ಪಾತ್ರೆಯ ತಳ ಕಾಣುವವರೆಗೆ ಒಮ್ಮೆಯೂ ಸಾಕು ಅನ್ನಲಿಲ್ಲ.

“ಪೂರ್ತಿ ಪಾತ್ರೇನಾ?” ಎಂದಳು ಮಗಳು.

“ಪೂರ್ತಿ. ನಿಮ್ಮಪ್ಪನಿಗೂ ಉಳಿಸ್ಲಿಲ್ಲ. ಸಂಜೆ ಪಾಪ ಅವರು ಟೋಸ್ಟ್ ತಿಂದ್ರು.”

ಅವಳು ನಕ್ಕಳು. ಅಮ್ಮ ಹೋದ ಮೇಲೆ ನಕ್ಕದ್ದು ಇದೇ ಮೊದಲು ಎಂದಳು. ನಾನೂ ನಕ್ಕೆ. ಬಹಳ ಹೊತ್ತು ಯಾರೂ ಫೋನ್ ಇಡಲಿಲ್ಲ...